ಮಂಡಿ ಅವ್ವನದು, ರಜೆ ನಮ್ಮದು

ನಮ್ಮ ಆಫೀಸಿನಲ್ಲಿ ಅಪ್ಪ-ಅಮ್ಮನ ಮಂಡಿ ಬದಲಿಸಿದವರ ಒಂದು ಸಂಘವನ್ನೇ ಕಟ್ಟಬಹುದು. ಟೀ ಕುಡಿಯುವಾಗ ಸಿಕ್ಕರೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಆಪರೇಷನ್ ಆದ್ಮೇಲೆ ಯಾವ ರಿಹ್ಯಾಬ್ ಸೆಂಟರ್‌ಗೆ ಸೇರಿಸಿದ್ರಿ?’ ಸೇರಿಸಲೇಬೇಕಾ ಅಂತ ಯಾರೂ ಕೇಳಲ್ಲ. ಎಸಿ ರೂಮು, ಹಗಲೂ ರಾತ್ರಿ ನರ್ಸು. ಬಿಲ್ಲು ದೊಡ್ಡದಾದಷ್ಟೂ ಮಗ ಒಳ್ಳೆಯವನು.

ನಾನೂ ಒಳ್ಳೆಯ ಮಗನೇ. ಅವ್ವನನ್ನು ಅಂಥದೊಂದು ಕಡೆ ಹತ್ತು ದಿನ ಇರಿಸಿದ್ದೆ. ಫಿಸಿಯೋ ಮಾಡಿಸುವವರು ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಬರೋರು. ಉಳಿದ ಇಪ್ಪತ್ಮೂರು ಗಂಟೆ ಹಾಸಿಗೆ ಮತ್ತು ಟೀವಿ. ‘ಕೂತಲ್ಲಿಗೇ ಎಲ್ಲಾ ಬತ್ತದೆ ಕಣಪ್ಪ, ಎದ್ದೇಳೋದ್ಯಾಕೆ?’ ಅಂದ್ಲು ಅವ್ವ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಮಂಡಿ ಬದಲಿಸಿಕೊಂಡವರಿಗೆ ಎದ್ದು ಓಡಾಡೋದೇ ಅಲ್ವಾ ಔಷಧ?

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಆಸ್ಟ್ರೇಲಿಯಾದಲ್ಲಿ ಮಂಡಿ ಬದಲಿಸಿಕೊಂಡ, ಬೇರೆ ತೊಡಕಿಲ್ಲದ 165 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10 ದಿನ ರಿಹ್ಯಾಬ್‌ನಲ್ಲೇ ವಾಸ, ಆಮೇಲೆ ಮನೆಯಲ್ಲಿ ವ್ಯಾಯಾಮ. ಇನ್ನೊಂದು ಗುಂಪು ಫಿಸಿಯೋ ನಿಗಾದಲ್ಲಿ ಮೊದಲಿಂದಲೂ ಮನೆಯಲ್ಲೇ ವ್ಯಾಯಾಮ ಮಾಡಿತು. 26 ವಾರದ ನಂತರ, ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತ ಅಳೆದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇದು ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2017ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿತು. ಮಕ್ಕಳ ಪಾಪಪ್ರಜ್ಞೆಗೆ ಇನ್ನೂ ಯಾರೂ ಮಿತಿ ಹಾಕಿಲ್ಲ. ದಂಧೆ ನಡೀತಿರೋದೇ ಅದರ ಮೇಲೆ.

ಹಾಗಂತ ಎಲ್ಲರನ್ನೂ ಸೀದಾ ಮನೆಗೆ ಕರ್ಕೊಂಡು ಹೋಗಿ ಅಂತಿಲ್ಲ. ಬಿದ್ದು ಸೊಂಟ ಮುರಿದುಕೊಂಡ ಎಂಬತ್ತರ ಅಜ್ಜಿ, ಒಂಟಿಯಾಗಿರೋರು, ಮರೆವಿನ ಕಾಯಿಲೆ ಇರೋರು, ಎರಡೂ ಮಂಡಿ ಒಟ್ಟಿಗೆ ಮಾಡಿಸಿಕೊಂಡವರು, ಇವರ ಲೆಕ್ಕವೇ ಬೇರೆ. ಅಲ್ಲಿ ಒಳರೋಗಿಯಾಗಿ ಇರೋದು ಅಗತ್ಯವೇ ಇರಬಹುದು. ಡಾಕ್ಟರನ್ನೇ ನೇರವಾಗಿ ಕೇಳಿ: ‘ನಮ್ಮಮ್ಮನಿಗೆ ಅಲ್ಲಿದ್ದು ಮನೆಯಲ್ಲಿ ಸಿಗದೇ ಇರೋದು ಏನು?’ ಉತ್ತರ ಇದ್ದರೆ ಸೇರಿಸಿ.

ಇಲ್ಲದಿದ್ದರೆ ಮನೆಯನ್ನು ಸಿದ್ಧ ಮಾಡಿ. ಕಮೋಡ್ ಬೇಕು, ಬಚ್ಚಲಿನ ಗೋಡೆಗೆ ಹಿಡಿಕೆ ಬೇಕು. ಜಾರುವ ಮ್ಯಾಟ್‌ಗಳನ್ನು ಎತ್ತಿಡಬೇಕು. ಫಿಸಿಯೋ ಹೇಳಿಕೊಟ್ಟದ್ದನ್ನು ದಿನಾ ಮಾಡಿಸಬೇಕು, ‘ನೋಯ್ತದೆ, ನಾಳೆ ನೋಡಾನ’ ಅಂದರೂ ಬಿಡದೆ. ಮೀನಖಂಡ ಊದಿಕೊಂಡರೆ, ಜ್ವರ ಬಂದರೆ, ಹೊಲಿಗೆ ಸೋರಿದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಏಕಾಏಕಿ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಸಬೇಕು.

ಇದನ್ನೆಲ್ಲ ಮಾಡೋರು ಯಾರು? ಇದೇ ನಿಜವಾದ ಪ್ರಶ್ನೆ. ‘ಮನೆಯಲ್ಲೇ ನೋಡ್ಕೋತೀವಿ’ ಅನ್ನೋ ಗಂಡಸರ ಬಾಯಲ್ಲಿ ಮನೆ ಅಂದ್ರೆ ಹೆಂಡತಿ, ಇಲ್ಲಾ ಊರಲ್ಲಿರೋ ತಂಗಿ. ಅವರ ಮೇಲೆ ಹೇರಿ ನಾವು ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕೂರೋದಾದರೆ ರಿಹ್ಯಾಬ್ ಸೆಂಟರೇ ವಾಸಿ, ಅಲ್ಲಿ ಕೆಲಸ ಮಾಡೋರಿಗೆ ಸಂಬಳವಾದರೂ ಇದೆ. ಪ್ರೊಡಕ್ಷನ್ ಕೆಟ್ಟರೆ ರಾತ್ರಿಯಿಡೀ ಕೂರುವ ನಾವು, ಅವ್ವ ಎದ್ದು ನಾಲ್ಕು ಹೆಜ್ಜೆ ಹಾಕುವಾಗ ಪಕ್ಕದಲ್ಲಿ ನಿಲ್ಲೋಕೆ ರಜೆ ಸಿಗಲ್ಲ ಅಂತೀವಿ. ನಾನು ರಜೆ ಕೇಳಿರಲೇ ಇಲ್ಲ.

ಅವ್ವನ ಇನ್ನೊಂದು ಮಂಡಿ ಬಾಕಿ ಇದೆ. ಈ ಸಲ ಯಾವ ಸೆಂಟರಿನ ರೇಟೂ ವಿಚಾರಿಸಿಲ್ಲ. ಮೂರು ವಾರ ರಜೆ ಬರೆದಿದ್ದೀನಿ.