ಅಜ್ಜನ ಹೊಸ ಫೋನು

ಮಕ್ಕಳೇ, ಹೋದ ತಿಂಗಳು ಮಗ ಕೊಪ್ಪಳದಿಂದ ನನಗೊಂದು ಸ್ಮಾರ್ಟ್‌ಫೋನ್ ತಂದುಕೊಟ್ಟ. ಹಳೆಯ ಫೋನಿನಲ್ಲಿ ಹಸಿರು ಗುಂಡಿ ಒತ್ತಿದರೆ ಮುಗಿಯಿತು. ಇದರಲ್ಲಿ ಬೆರಳಿನಿಂದ ಮೇಲಕ್ಕೆ ಸವರಬೇಕು. ನಾನು ಒತ್ತಿ ಒತ್ತಿ ಗಂಗಾವತಿಯ ಬೀಗರ ನಾಲ್ಕು ಕರೆ ತಪ್ಪಿಸಿದೆ. “ಅಜ್ಜಾ, ಒತ್ತಬ್ಯಾಡ, ಸವರು” ಎಂದು ಕಲಿಸಿದವಳು ಆರನೇ ತರಗತಿಯ ಮೊಮ್ಮಗಳು.

ಮೊನ್ನೆ ಯಾರೋ ಕರೆ ಮಾಡಿದರು. “ಸರ್, ಸಿಮ್ ಕಂಪನಿಯಿಂದ ಮಾತಾಡ್ತಿದ್ದೇನೆ. ನಿಮ್ಮ ಕೆವೈಸಿ ಮುಗಿದಿದೆ. ಎರಡು ಗಂಟೆಯಲ್ಲಿ ಸಿಮ್ ಬಂದ್ ಆಗುತ್ತೆ. ಈಗ ಬಂದ ಓಟಿಪಿ ಹೇಳಿ.” ಯಲಬುರ್ಗಾದ ಮಗಳ ಕರೆ ಬರದಿದ್ದರೆ ಹೇಗೆ ಎಂದು ನನ್ನ ಎದೆ ಝಲ್ಲೆಂದಿತು. ಕನ್ನಡಕ ಹುಡುಕಿ ಎರಡು ಅಂಕಿ ಹೇಳಿಯೂ ಬಿಟ್ಟೆ. ಅಷ್ಟರಲ್ಲಿ ಮೊಮ್ಮಗಳು ಫೋನ್ ಕಸಿದು ಕರೆ ಕತ್ತರಿಸಿದಳು.

“ಅಜ್ಜಾ, ಓಟಿಪಿ ಅಂದ್ರ ತಿಜೋರಿ ಕೀಲಿ ಇದ್ದಂಗ. ಕೇಳಿದವರಿಗೆಲ್ಲ ಕೊಡತೀಯೇನು?”

ಮೆಸೇಜು ಓದಿಸಿದೆ. ಅದು ಸಿಮ್ಮಿನದಲ್ಲ, ನನ್ನ ಪಿಂಚಣಿ ಖಾತೆಯಿಂದ ಹಣ ತೆಗೆಯುವ ಓಟಿಪಿ! ಕೈಕಾಲು ತಣ್ಣಗಾದವು.

ಈಗ ಕುಷ್ಟಗಿಯ ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಮೊಮ್ಮಗಳ ಅಕ್ಷರದಲ್ಲಿ ಎರಡು ನಂಬರುಗಳಿವೆ. ಮೋಸದಿಂದ ಹಣ ಹೋದರೆ ತಡಮಾಡದೆ 1930. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಜಾಹೀರಾತು ಕರೆಗಳ ಕಾಟ ನಿಲ್ಲಿಸಲು 1909.

ಮಕ್ಕಳೇ, ಇವತ್ತೇ ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಬರೆಯಿರಿ. ಅಜ್ಜ ಅಜ್ಜಿಯರೇ, ಗಾಬರಿಯಾದಾಗ ಮೊದಲು ಫೋನ್ ಇಡಿ. ಆಮೇಲೆ ಮೊಮ್ಮಕ್ಕಳನ್ನು ಕೂಗಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ.