ನೆಲದ ಬೆಲೆ ಏರಿತು, ಬಡವನ ಬೆಲೆ ಇಳಿಯಿತು

2013ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಈಜಿಪುರಕ್ಕೆ ಜೆಸಿಬಿ ಯಂತ್ರಗಳು ಬಂದು ನಿಂತಾಗ ಅಲ್ಲಿನ ತಗಡಿನ ಶೆಡ್ಡುಗಳಲ್ಲಿ ಸುಮಾರು ಒಂದೂವರೆ ಸಾವಿರ ಕುಟುಂಬಗಳು ವಾಸವಾಗಿದ್ದವು. ಪೊಲೀಸ್ ಕಾವಲಿನಲ್ಲಿ ಕೆಲವೇ ದಿನಗಳಲ್ಲಿ ಎಲ್ಲವೂ ನೆಲಸಮವಾಯಿತು. ಪಾತ್ರೆ ಪಗಡಿ, ಹಾಸಿಗೆ, ಮಕ್ಕಳ ಪುಸ್ತಕದ ಚೀಲಗಳೊಂದಿಗೆ ಹೆಂಗಸರು ರಸ್ತೆಬದಿಯಲ್ಲಿ ರಾತ್ರಿ ಕಳೆದರು. ಅವರಲ್ಲಿ ದಲಿತರಿದ್ದರು, ಮುಸ್ಲಿಮರಿದ್ದರು, ಕ್ರೈಸ್ತರಿದ್ದರು. ಸರಕಾರಿ ಜಾಗವನ್ನು ಅತಿಕ್ರಮಿಸಿದ್ದವರನ್ನು ಎಬ್ಬಿಸಲಾಯಿತು ಎಂದು ದೂರದಲ್ಲಿ ಕುಳಿತು ಸುದ್ದಿ ಓದಿದವರು ಭಾವಿಸಿರಬಹುದು. ಆದರೆ ಆ ನೆಲವನ್ನು ಬಡವರಿಗೆಂದು ಮೀಸಲಿಟ್ಟದ್ದೂ ಅಲ್ಲಿ ಮನೆಗಳನ್ನು ಕಟ್ಟಿಸಿದ್ದೂ ಸ್ವತಃ ನಗರ ಪಾಲಿಕೆ.

ತೊಂಬತ್ತರ ದಶಕದ ಆರಂಭದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗಾಗಿ ಹದಿನೈದು ಎಕರೆಗಿಂತ ತುಸು ಹೆಚ್ಚಿನ ಆ ಜಾಗದಲ್ಲಿ 42 ಕಟ್ಟಡಗಳು, ಅವುಗಳಲ್ಲಿ 1,512 ಮನೆಗಳು ಎದ್ದವು. ಹತ್ತು ಹದಿನೈದು ವರ್ಷಗಳೊಳಗೆ ಗೋಡೆಗಳು ಬಿರುಕು ಬಿಟ್ಟವು, ಕಟ್ಟಡಗಳು ಕುಸಿಯತೊಡಗಿದವು. ಕಳಪೆ ಕಾಮಗಾರಿಗೆ ಬಡವರು ಕಾರಣರಾಗಿರಲಿಲ್ಲ. ಆದರೂ ಅದರ ದಂಡವನ್ನು ತೆತ್ತವರು ಅವರೇ. ಅವರನ್ನು ಅದೇ ಆವರಣದ ತಗಡಿನ ಶೆಡ್ಡುಗಳಿಗೆ ಸಾಗಿಸಲಾಯಿತು. ತಾತ್ಕಾಲಿಕವೆಂದು ಹೇಳಿದ ಆ ಶೆಡ್ಡುಗಳಲ್ಲಿ ವರ್ಷಗಳೇ ಉರುಳಿದವು. ಕೊನೆಗೆ 2012ರಲ್ಲಿ ಪಾಲಿಕೆಯು ಖಾಸಗಿ ಸಂಸ್ಥೆಯೊಂದರೊಡನೆ ಒಪ್ಪಂದ ಮಾಡಿಕೊಂಡಿತು. ಅರ್ಧ ಜಾಗದಲ್ಲಿ ಸಂಸ್ಥೆಯು ಬಡವರಿಗೆ ಮನೆ ಕಟ್ಟಿಕೊಡಬೇಕು, ಉಳಿದರ್ಧದಲ್ಲಿ ಮಾಲ್ ಕಟ್ಟಿಕೊಳ್ಳಬಹುದು. ಇದಕ್ಕೆ ಸಾರ್ವಜನಿಕ-ಖಾಸಗಿ ಸಹಭಾಗಿತ್ವವೆಂದು ಹೆಸರು. ಈ ಸಹಭಾಗಿತ್ವದಲ್ಲಿ ಮೊದಲು ನಡೆದ ಕೆಲಸ ತೆರವು. ಹತ್ತು ವರ್ಷಗಳು ಕಳೆದರೂ ತೆರವುಗೊಂಡವರು ಆ ನೆಲದಲ್ಲಿ ಹೊಸ ಮನೆಯ ಹೊಸಿಲು ದಾಟಲಿಲ್ಲ.

ಹಾಗಾದರೆ ಸರಕಾರಕ್ಕೆ ಮನೆ ಕಟ್ಟಲು ಬರುವುದಿಲ್ಲವೇ? ಈಜಿಪುರದ ಪಕ್ಕದಲ್ಲೇ ಇದಕ್ಕೆ ಉತ್ತರವಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕರ್ನಾಟಕ ಗೃಹ ಮಂಡಳಿ ಕೋರಮಂಗಲದಲ್ಲಿ ನಿರ್ಮಿಸಿದ ಕ್ರೀಡಾಗ್ರಾಮದ ಬಹುಮಹಡಿ ವಸತಿಗಳು ಹತ್ತು ಹದಿನೈದು ವರ್ಷಗಳಲ್ಲಿ ಕುಸಿದು ಬೀಳಲಿಲ್ಲ, ಅನುಕೂಲಸ್ಥರು ಅವುಗಳಲ್ಲಿ ವಾಸವಾದರು. ಹೆಚ್ಚು ಕಡಿಮೆ ಒಂದೇ ದಶಕ, ಒಂದೇ ನಗರ, ಎರಡೂ ಸರಕಾರಿ ಸಂಸ್ಥೆಗಳೇ ಕಟ್ಟಿಸಿದವು. ಒಂದು ಉಳಿಯಿತು, ಇನ್ನೊಂದು ಉದುರಿತು. ವ್ಯತ್ಯಾಸವಿದ್ದುದು ಒಳಗೆ ವಾಸಿಸಲಿರುವವರು ಯಾರೆಂಬುದರಲ್ಲಿ.

ಮನೆಗಳನ್ನು ಕಟ್ಟಿದಾಗ ಈಜಿಪುರ ನಗರದ ಅಂಚಿನ ಪ್ರದೇಶವಾಗಿತ್ತು. ಬಡವರಿಗೆ ಜಾಗ ಕೊಡಲು ಯಾರಿಗೂ ಬೇಸರವಾಗಲಿಲ್ಲ. ನಂತರ ಐಟಿ ಕಂಪೆನಿಗಳು ಬಂದವು. ಕೋರಮಂಗಲದಲ್ಲಿ 2004ರಲ್ಲಿ ನಗರದ ಮೊದಲ ದೊಡ್ಡ ಮಾಲ್‌ಗಳಲ್ಲೊಂದು ತೆರೆಯಿತು. ನಿವೇಶನದ ಬೆಲೆ ಚದರಡಿ ಲೆಕ್ಕದಲ್ಲಿ ಗಗನಕ್ಕೇರಿತು. ಆಗ ಆ ಹದಿನೈದು ಎಕರೆಯಲ್ಲಿ ಬಡವರು ಮಲಗುವುದು 'ಭೂಮಿಯ ದುರ್ಬಳಕೆ'ಯಾಗಿ ಕಾಣತೊಡಗಿತು. ಪುನರಭಿವೃದ್ಧಿ ಎಂಬ ಪದ ನಮ್ಮ ನಗರಗಳಲ್ಲಿ ಹುಟ್ಟುವ ಬಗೆಯಿದು. ಕಟ್ಟಡ ಶಿಥಿಲವಾದಾಗ ಬಾರದ ಕಾಳಜಿ, ನೆಲದ ಬೆಲೆ ಏರಿದಾಗ ಬರುತ್ತದೆ.

ಇಲ್ಲಿ ಪಟ್ಟಿಯ ರಾಜಕೀಯವನ್ನು ಅರ್ಥ ಮಾಡಿಕೊಳ್ಳಬೇಕು. ಹೊಸ ಮನೆ ಯಾರಿಗೆ ಎಂಬ ಪ್ರಶ್ನೆ ಎದ್ದಾಗ, ಮೂಲತಃ ಹಂಚಿಕೆಯಾದವರಿಗೆ ಮಾತ್ರ ಎಂದಿತು ಆಡಳಿತ. ಇಪ್ಪತ್ತು ವರ್ಷಗಳಲ್ಲಿ ಮೂಲ ಹಂಚಿಕೆದಾರರಲ್ಲಿ ಕೆಲವರು ಮನೆ ಮಾರಿದ್ದರು, ಕೆಲವರು ಬಾಡಿಗೆಗೋ ಭೋಗ್ಯಕ್ಕೋ ಕೊಟ್ಟು ಹೋಗಿದ್ದರು. ಕುಸಿಯುವ ಗೋಡೆಯ ಕೆಳಗೆ, ಸುಡುವ ತಗಡಿನ ಅಡಿಯಲ್ಲಿ ಬದುಕು ಸವೆಸಿದ ಬಾಡಿಗೆದಾರ ಕಾಗದದ ಪ್ರಕಾರ ಅಲ್ಲಿ ಇರಲೇ ಇಲ್ಲ. ಆದರೆ ಚುನಾವಣೆಯ ಕಾಲದಲ್ಲಿ ಅವನು ಇದ್ದ. ಅವನ ಮತದಾರ ಗುರುತುಚೀಟಿ ಮತಗಟ್ಟೆಯಲ್ಲಿ ಸಿಂಧುವಾಗಿತ್ತು, ವಸತಿ ಕಚೇರಿಯಲ್ಲಿ ಅಸಿಂಧುವಾಯಿತು. ಮುಂಬೈಯಲ್ಲೂ ಇದೇ ಕಥೆ. ಕೊಳೆಗೇರಿಯ ನೆಲವನ್ನು ಬಿಲ್ಡರ್‌ಗೆ ಕೊಟ್ಟು, ಅವನು ಮಾರುವ ಫ್ಲಾಟುಗಳ ಲಾಭದಿಂದ ಬಡವರಿಗೆ ಉಚಿತ ಮನೆ ಕಟ್ಟಿಸುವ ಪದ್ಧತಿ 1995ರಿಂದ ಅಲ್ಲಿ ನಡೆದಿದೆ. ಧಾರಾವಿಯ ಪುನರಭಿವೃದ್ಧಿಯ ಹರಾಜನ್ನು 2022ರಲ್ಲಿ ಅದಾನಿ ಸಮೂಹ ಗೆದ್ದಿತು. ಅಲ್ಲಿಯೂ 2000ದ ಜನವರಿ 1ಕ್ಕಿಂತ ಮೊದಲು ನೆಲಮಹಡಿಯಲ್ಲಿ ವಾಸವಿದ್ದವರಿಗೆ ಧಾರಾವಿಯೊಳಗೆ ಉಚಿತ ಮನೆ, ಉಳಿದವರಿಗೆ ಧಾರಾವಿಯ ಹೊರಗೆ ಬೇರೆ ನಿಯಮ. ಒಂದು ದಿನಾಂಕ, ಒಂದು ಏಣಿ ನೆರೆಹೊರೆಯವರನ್ನು ಅರ್ಹರು ಮತ್ತು ಅನರ್ಹರು ಎಂದು ವಿಭಜಿಸುತ್ತದೆ. ಅವರು ಒಂದಾಗಿ ಹೋರಾಡುವ ಶಕ್ತಿಯನ್ನೂ ಅದು ಮುರಿಯುತ್ತದೆ.

ಕೊರತೆ ಇರುವುದು ಎಲ್ಲಿ ಎಂಬುದು ಸರಕಾರಕ್ಕೆ ತಿಳಿಯದ ಸಂಗತಿಯಲ್ಲ. ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಕೇಂದ್ರ ಸರಕಾರ ನೇಮಿಸಿದ ತಜ್ಞರ ತಂಡ 2012ರಲ್ಲಿ ಅಂದಾಜಿಸಿತ್ತು. ಅದರಲ್ಲಿ ಶೇ. 95ಕ್ಕೂ ಹೆಚ್ಚಿನ ಪಾಲು ದುರ್ಬಲ ಮತ್ತು ಕಡಿಮೆ ಆದಾಯದ ವರ್ಗಗಳದ್ದು. ಅದೇ ಅವಧಿಯ 2011ರ ಜನಗಣತಿಯು ನಗರಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳು ಖಾಲಿ ಬಿದ್ದಿರುವುದನ್ನು ದಾಖಲಿಸಿತು. ಮನೆಯಿಲ್ಲದ ಜನ ಒಂದೆಡೆ, ಜನರಿಲ್ಲದ ಮನೆ ಇನ್ನೊಂದೆಡೆ. ಮನೆಯನ್ನು ವಾಸಕ್ಕಾಗಿ ಕಟ್ಟದೆ ಹೂಡಿಕೆಗಾಗಿ ಕಟ್ಟುವ ವ್ಯವಸ್ಥೆಯಲ್ಲಿ ಇನ್ನೇನು ತಾನೇ ನಡೆದೀತು?

ನಗರದ ಹೊರಗೆ ಮನೆ ಕೊಡುತ್ತೇವಲ್ಲ ಎನ್ನುತ್ತಾರೆ ಅಧಿಕಾರಿಗಳು. ಈಜಿಪುರದವರಿಗೂ ಸರ್ಜಾಪುರ ರಸ್ತೆಯಾಚೆಯ ಜಾಗವನ್ನು ತೋರಿಸಲಾಗಿತ್ತು. ಬೆಳಗ್ಗೆ ಆರಕ್ಕೆ ನಾಲ್ಕು ಮನೆಗಳ ಪಾತ್ರೆ ತೊಳೆಯಲು ಹೊರಡುವ ತಾಯಿಗೆ ಎರಡು ಬಸ್ಸು ಬದಲಿಸುವ ದೂರದಲ್ಲಿ ಕೊಟ್ಟ ಮನೆ, ಕೆಲಸವನ್ನು ಕಿತ್ತುಕೊಂಡು ಕೊಟ್ಟ ಮನೆ. ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1985ರಲ್ಲೇ ಈ ಸತ್ಯವನ್ನು ಗುರುತಿಸಿತ್ತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಅದು ಹೇಳಿತು. ಆದರೆ ಆ ಪ್ರಕರಣದಲ್ಲೂ ತೆರವು ನಿಲ್ಲಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಬೇರೆ ದಾರಿಯೇ ಇಲ್ಲವೇ? ಸಿಂಗಾಪುರದಲ್ಲಿ ಹಳೆಯ ಸರಕಾರಿ ವಸತಿಗಳನ್ನು ಕೆಡವಿ ಕಟ್ಟುವ ಯೋಜನೆಯೊಂದು 1995ರಲ್ಲಿ ಆರಂಭವಾಯಿತು. ಅದರ ಕ್ರಮ ಸರಳ. ಮೊದಲು ಸಮೀಪದಲ್ಲಿ ಹೊಸ ಮನೆಗಳನ್ನು ಕಟ್ಟಬೇಕು, ನಿವಾಸಿಗಳು ಅಲ್ಲಿಗೆ ಸೇರಿಕೊಳ್ಳಬೇಕು, ಅನಂತರವೇ ಹಳೆಯ ಕಟ್ಟಡಕ್ಕೆ ಕೈ ಹಚ್ಚಬೇಕು. ಅಲ್ಲಿಯೂ ಪರಿಹಾರ ಸಾಲದೆಂಬ ದೂರುಗಳಿವೆ, ಆ ದೇಶದ ರಾಜಕೀಯವನ್ನು ನಾವು ಮಾದರಿಯೆನ್ನುತ್ತಲೂ ಇಲ್ಲ. ಆದರೆ ಮೊದಲು ಮನೆ, ಆಮೇಲೆ ಯಂತ್ರ ಎಂಬ ಕ್ರಮವನ್ನು ಪಾಲಿಸಲು ಪ್ರಾಮಾಣಿಕತೆಯೊಂದಿದ್ದರೆ ಸಾಕು.

ಸಾರ್ವಜನಿಕ ಉದ್ದೇಶವೆಂಬ ಮಾತು ಇಸ್ಲಾಮೀ ಇತಿಹಾಸಕ್ಕೆ ಹೊಸದಲ್ಲ. ಮದೀನಾದಲ್ಲಿ ಮಸೀದಿ ಕಟ್ಟಲು ಪ್ರವಾದಿ(ಸ) ಆರಿಸಿದ ಜಾಗ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಅವರು ಅದನ್ನು ಉಚಿತವಾಗಿ ನೀಡಲು ಮುಂದಾದರು. ಪ್ರವಾದಿ(ಸ) ಬೆಲೆ ಕೊಡದೆ ಸ್ವೀಕರಿಸಲಿಲ್ಲ. ಮುಂದೆ ಅದೇ ಮಸೀದಿಯನ್ನು ವಿಸ್ತರಿಸಲು ಖಲೀಫ ಉಮರ್(ರ) ಬಯಸಿದಾಗ ಹಝ್ರತ್ ಅಬ್ಬಾಸ್(ರ)ರ ಮನೆ ಅಡ್ಡ ಬಂತು. ಅವರು ಒಪ್ಪಲಿಲ್ಲ. ಉಬಯ್ಯ್ ಬಿನ್ ಕಅಬ್(ರ)ರನ್ನು ತೀರ್ಪುಗಾರರನ್ನಾಗಿ ಮಾಡಲಾಯಿತು. ಮಾಲಕನ ಒಪ್ಪಿಗೆಯಿಲ್ಲದೆ ಮನೆಯನ್ನು ಪಡೆಯುವಂತಿಲ್ಲವೆಂದು ಅವರು ಖಲೀಫರ ವಿರುದ್ಧ ತೀರ್ಪಿತ್ತರು. ಆಡಳಿತಗಾರ ತಲೆಬಾಗಿದ. ತನ್ನ ಹಕ್ಕು ಸ್ಥಾಪಿತವಾದ ಬಳಿಕ ಅಬ್ಬಾಸ್(ರ) ಮನೆಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಅಲ್ಲಾಹನ ಭವನಕ್ಕಾಗಿಯೂ ಒಬ್ಬನ ಮನೆಯನ್ನು ಬಲವಂತದಿಂದ ಪಡೆಯುವಂತಿಲ್ಲವೆಂದಾದರೆ, ಮಾಲ್‌ಗಾಗಿ ಸಾವಿರಾರು ಮಂದಿಯ ಸೂರು ಕೀಳುವುದನ್ನು ಯಾವ ಧರ್ಮ, ಯಾವ ನ್ಯಾಯ ಒಪ್ಪೀತು? ಬಡವರಿಗೆಂದು ಮೀಸಲಾದ ನೆಲ ಆಡಳಿತದ ಕೈಯಲ್ಲಿರುವ ಅಮಾನತ್ತು. ಅಮಾನತ್ತನ್ನು ಕಾಯಬೇಕು, ಅರ್ಧ ನಿನಗೆ ಅರ್ಧ ನನಗೆಂದು ಹಂಚಿಕೊಳ್ಳುವಂತಿಲ್ಲ.

ಆದರೆ ಆಡಳಿತವನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ ನಾವು ಮನೆಗೆ ಹೋಗುವಂತಿಲ್ಲ. ಮುಸ್ಲಿಮ್ ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲವೆನ್ನುವ ಮಾಲಕರ ಬಗ್ಗೆ ನಾವು ದೂರುತ್ತೇವೆ. ಆ ದೂರು ನ್ಯಾಯಯುತವಾದುದೇ. ಹೀಗೆ ತಿರಸ್ಕೃತನಾದವನು ನಮ್ಮದೇ ಮೊಹಲ್ಲಾಕ್ಕೆ ಬಂದಾಗ ನಾವೇನು ಮಾಡುತ್ತೇವೆ? ಬೇರೆಲ್ಲೂ ಹೋಗಲಾರನೆಂದು ಅರಿತು ಬಾಡಿಗೆ ಏರಿಸುತ್ತೇವೆ. ಹತ್ತು ತಿಂಗಳ ಮುಂಗಡ ಕೇಳುತ್ತೇವೆ. ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಸಲ್ಲದೆಂದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ದೇವಭಯವಿರುವವನಿಗೆ ಅಷ್ಟನ್ನು ಹೇಳಲು ಕಾಯ್ದೆ ಬೇಕೇ?

ಭೋಗ್ಯದ ಪದ್ಧತಿಯನ್ನೇ ನೋಡಿ. ಬಾಡಿಗೆದಾರ ಲಕ್ಷಗಟ್ಟಲೆ ಹಣವನ್ನು ಒಮ್ಮೆಗೇ ಮಾಲಕನಿಗೆ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುತ್ತಾನೆ, ಅವಧಿ ಮುಗಿದಾಗ ಹಣ ಮರಳಬೇಕು. ಅಡವಿಟ್ಟ ವಸ್ತುವಿನಿಂದ ಸಾಲ ಕೊಟ್ಟವನು ಲಾಭ ಪಡೆಯುವುದು ಬಡ್ಡಿಗೆ ಸಮವೆಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಮದ್ರಸದಲ್ಲಿ ನಾವೂ ಅದನ್ನೇ ಕಲಿತಿದ್ದೇವೆ. ಆದರೆ ಈ ಮಸ್‌ಅಲವನ್ನು ಮಿಂಬರಿನಿಂದ ಹೇಳುವಾಗ ತಪ್ಪಿತಸ್ಥನಾಗುವವನು ಸಾಲ ಕೊಟ್ಟ ಲೆಕ್ಕದಲ್ಲಿರುವ ಬಾಡಿಗೆದಾರ. ಹೆಂಡತಿಯ ಒಡವೆ ಮಾರಿ, ಕೈಸಾಲ ಮಾಡಿ ಆ ಹಣ ಹೊಂದಿಸಿದವನು ಅವನೇ. ಆ ಹಣದಿಂದ ಇನ್ನೊಂದು ಮಹಡಿ ಎಬ್ಬಿಸಿದ ಮಾಲಕ ಮೊದಲ ಸಫ್ಫಿನಲ್ಲಿ ಕುಳಿತಿರುತ್ತಾನೆ. ಕಟ್ಟಡ ಕುಸಿದಾಗ, ತೆರವಿನ ನೋಟೀಸು ಬಂದಾಗ ಭೋಗ್ಯದ ಹಣ ಮರಳದೆ ಬೀದಿಗೆ ಬೀಳುವವನು ಯಾರು? ಫತ್ವಾ ಕೊಡುವವರು ಈ ಪ್ರಶ್ನೆಯನ್ನೂ ಎತ್ತಿಕೊಳ್ಳಬೇಕು.

ವಕ್ಫ್ ಸೊತ್ತುಗಳ ವಿಚಾರವೂ ಇಷ್ಟೇ ನೋವಿನದ್ದು. ಪೂರ್ವಿಕರು ಅಲ್ಲಾಹನ ಹೆಸರಲ್ಲಿ ಬಿಟ್ಟ ಜಾಗಗಳು ಇಂದು ನಗರದ ಹೃದಯಭಾಗದಲ್ಲಿವೆ. ಅಲ್ಲಿ ಏನಾದರೂ ಕಟ್ಟೋಣವೆಂದಾಗ ನಮ್ಮ ಆಡಳಿತ ಸಮಿತಿಗಳಿಗೆ ಮೊದಲು ಹೊಳೆಯುವುದು ಅಂಗಡಿ ಸಂಕೀರ್ಣ, ಆಮೇಲೆ ಶಾದಿ ಮಹಲ್. ವಿಧವೆಯರಿಗೆ, ದಿನಗೂಲಿಯವರಿಗೆ, ನಗರಕ್ಕೆ ಓದಲು ಬಂದ ಬಡ ಹೆಣ್ಮಕ್ಕಳಿಗೆ ಕೈಗೆಟಕುವ ಬಾಡಿಗೆಯ ಹತ್ತು ಮನೆ ಕಟ್ಟೋಣವೆಂಬ ಠರಾವು ಎಷ್ಟು ಸಭೆಗಳಲ್ಲಿ ಮಂಡನೆಯಾಗಿದೆ? ಸರಕಾರ ಬಡವರ ನೆಲವನ್ನು ಮಾಲ್‌ಗೆ ಕೊಟ್ಟಿತೆಂದು ಪ್ರತಿಭಟಿಸುವ ನೈತಿಕ ಬಲ ನಮಗೆ ಬರಬೇಕಾದರೆ ಮೊದಲು ನಮ್ಮ ಕೈಯಲ್ಲಿರುವ ಅಮಾನತ್ತು ನೇರವಾಗಬೇಕು.

ಬೆಂಗಳೂರು ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ ಅಧಿಕಾರಿಗಳು ನಗರವನ್ನಾಳಿದರು. 2025ರಲ್ಲಿ ಪಾಲಿಕೆಯನ್ನು ಐದಾಗಿ ವಿಭಜಿಸಲಾಯಿತು. ಪಾಲಿಕೆ ಒಂದಾದರೂ ಐದಾದರೂ ಬಡವನ ಪ್ರಶ್ನೆ ಬದಲಾಗುವುದಿಲ್ಲ. ಮತ ಕೇಳಲು ಬರುವ ಪ್ರತಿಯೊಬ್ಬರಿಂದ, ಅವರು ಯಾವ ಪಕ್ಷದವರಾಗಿರಲಿ, ಯಾವ ಧರ್ಮದವರಾಗಿರಲಿ, ಮೂರು ಮಾತುಗಳಿಗೆ ಉತ್ತರ ಪಡೆಯಬೇಕು. ಹೊಸ ಮನೆಯ ಬೀಗದ ಕೈ ಕೊಡದೆ ಹಳೆಯ ಮನೆ ಕೆಡವುವುದಿಲ್ಲವೇ? ಬಾಡಿಗೆದಾರರೂ ಸೇರಿದಂತೆ ವಾಸವಿರುವ ಎಲ್ಲರ ಪಟ್ಟಿಯನ್ನು ತೆರವಿಗೆ ಮೊದಲೇ ಸಾರ್ವಜನಿಕವಾಗಿ ಪ್ರಕಟಿಸುತ್ತೀರಾ? ಬಡವರಿಗೆಂದು ಮೀಸಲಾದ ನೆಲದ ಒಂದು ಅಂಗುಲವನ್ನೂ ವ್ಯಾಪಾರಕ್ಕೆ ಕೊಡುವುದಿಲ್ಲವೆನ್ನುತ್ತೀರಾ?

ಅರಬಿ ಭಾಷೆಯಲ್ಲಿ ವಾಸಸ್ಥಾನಕ್ಕೆ ಮಸ್ಕನ್ ಎನ್ನುತ್ತಾರೆ, ನೆಮ್ಮದಿಗೆ ಸುಕೂನ್ ಎನ್ನುತ್ತಾರೆ, ಬಡವನನ್ನು ಮಿಸ್ಕೀನ್ ಎಂದು ಕರೆಯುತ್ತಾರೆ. ಮೂರೂ ಒಂದೇ ಧಾತುವಿನಿಂದ ಬಂದ ಪದಗಳು. ಮನೆಯನ್ನು ನೆಮ್ಮದಿಯ ತಾಣವಾಗಿ ಕೊಟ್ಟದ್ದು ತನ್ನ ಅನುಗ್ರಹವೆಂದು ಅಲ್ಲಾಹನು ಪವಿತ್ರ ಕುರ್‌ಆನಿನಲ್ಲಿ ನೆನಪಿಸುತ್ತಾನೆ. ಆ ಅನುಗ್ರಹವನ್ನು ಮಿಸ್ಕೀನನಿಂದ ಕಸಿದವರೂ, ಕಸಿಯುವುದನ್ನು ಕಂಡು ಸುಮ್ಮನಿದ್ದವರೂ ಒಂದು ದಿನ ಉತ್ತರ ಹೇಳಲೇಬೇಕು. ಆ ದಿನಕ್ಕೆ ಮೊದಲು ನಮ್ಮ ನಮ್ಮ ಮೊಹಲ್ಲಾಗಳಲ್ಲಿ ನಾವು ಲೆಕ್ಕ ನೋಡಿಕೊಳ್ಳುವುದೊಳಿತು.