ಮನೆವಾರ್ತೆ: ನೆಲಮಾಳಿಗೆಯನ್ನು ನೇರ್ಪಡಿಸುವ ಬಗೆ

ಕಳೆದ ತಿಂಗಳು ನಾವು ತಾರಸಿಯ ಬಿರುಕುಗಳ ವಿಷಯವನ್ನು ಬರೆದಿದ್ದೆವು. ಈ ತಿಂಗಳು ಮೆಟ್ಟಲಿಳಿದು ಮನೆಯ ಅಡಿಗೆ ಹೋಗೋಣ. ಬೆಂಗಳೂರಿನಂತಹ ಏರುತಗ್ಗಿನ ಊರಿನಲ್ಲಿ ರಸ್ತೆಯಿಂದ ಹಿಂದಕ್ಕೆ ಇಳಿಜಾರಾದ ನಿವೇಶನಗಳು ಹಲವುಂಟು. ಅಲ್ಲಿ ಕಟ್ಟಿದ ಮನೆಗೆ ಮಣ್ಣಿನಲ್ಲಿ ಅರ್ಧ ಹುದುಗಿದ ಕೋಣೆಯೊಂದು ಸುಲಭವಾಗಿ ಒದಗುತ್ತದೆ. ಮೊದಮೊದಲು ಮುರಿದ ಕುರ್ಚಿಗಳಿಗೂ ಹಳೆಯ ಪೆಟ್ಟಿಗೆಗಳಿಗೂ ಅದು ಆಶ್ರಯವಾಗಿರುತ್ತದೆ. ಮಕ್ಕಳು ಬೆಳೆದು ಮನೆ ಇಕ್ಕಟ್ಟಾದಾಗ, ಇದನ್ನು ಒಪ್ಪಮಾಡಿ ಓದುವ ಕೋಣೆಯನ್ನಾಗಿ ಏಕೆ ಮಾಡಬಾರದೆಂಬ ಯೋಚನೆ ಹುಟ್ಟುತ್ತದೆ. ಯೋಚನೆಯೇನೋ ಒಳ್ಳೆಯದೇ; ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿಯದೆ ಕೈಹಾಕತಕ್ಕದ್ದಲ್ಲ.

ನಮ್ಮ ತಪ್ಪನ್ನೇ ಮೊದಲು ಹೇಳಿಬಿಡುವೆವು. ನಾವು ಬೇಸಗೆಯಲ್ಲಿ ಕೆಲಸ ಹಿಡಿದೆವು. ಗೋಡೆಗಳು ಒಣಗಿದಂತೆ ಕಂಡವು. ಬಣ್ಣ ಬಳಿಸಿ, ಮರದ ಹಲಗೆ ಹೊದಿಸಿ, ತಂದೆಯವರು ಬಿಟ್ಟುಹೋದ ಪುಸ್ತಕಗಳ ಬೀರುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದೆವು. ನಂಟರಿಷ್ಟರು ನೋಡಿ ಹೊಗಳಿದರು. ಆಶ್ವಯುಜದ ಮಳೆ ಮುಗಿಯುವಷ್ಟರಲ್ಲಿ ಬಣ್ಣ ಬೊಬ್ಬೆಯೆದ್ದು ಉದುರಿತು, ಹಲಗೆಯ ಹಿಂದೆ ಬೂಷ್ಟು ಹಬ್ಬಿತು, ಎರಡು ಬೀರುಗಳ ಪುಸ್ತಕಗಳು ಹಾಳೆಗೆ ಹಾಳೆ ಅಂಟಿಕೊಂಡು ಮುದ್ದೆಯಾದವು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ನಾವು ಹಣ ಕೊಟ್ಟು ಕಲಿತಂತಾಯಿತು.

ಮೇಸ್ತ್ರಿಯು, "ಇನ್ನೊಂದು ಕೋಟು ಬಳಿದರೆ ಸರಿಹೋಗುತ್ತದೆ, ಸ್ವಾಮಿ" ಎಂದನು. ಅದು ಸರಿಹೋಗತಕ್ಕದ್ದಲ್ಲ. ಹೊರಗಿನ ಮಣ್ಣಿನಲ್ಲಿ ನಿಂತ ನೀರು ಗೋಡೆಯನ್ನು ಒಳಮುಖವಾಗಿ ಒತ್ತುತ್ತದೆ. ಒಳಗಡೆ ಬಳಿದ ಬಣ್ಣವನ್ನು ಅದು ಹಿಂದಿನಿಂದ ತಳ್ಳಿ ಕಿತ್ತುಹಾಕುತ್ತದೆ. ಆದುದರಿಂದ ಮೊದಲು ನೀರಿನ ಮೂಲವನ್ನು ಹುಡುಕಬೇಕು. ಇದಕ್ಕೊಂದು ಸುಲಭವಾದ ಪರೀಕ್ಷೆಯುಂಟು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಹಚ್ಚಿ, ನಾಲ್ಕು ಅಂಚುಗಳನ್ನೂ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿರಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿಗಟ್ಟಿದರೆ ನೀರು ಮಣ್ಣಿನಿಂದ ಬರುತ್ತಿದೆ. ಕೋಣೆಯ ಕಡೆ ಹನಿಗಟ್ಟಿದರೆ ಅದು ಗಾಳಿಯಲ್ಲಿರುವ ತೇವ. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡತಕ್ಕದ್ದು. ಒಂದು ಮಳೆಗಾಲ ಪೂರ್ತಿ ಕೋಣೆಯನ್ನು ಬರಿದಾಗಿಟ್ಟು ನೋಡಿದವರು ನಮ್ಮಂತೆ ಮೋಸಹೋಗಲಾರರು.

ನಮ್ಮ ಮನೆಯಲ್ಲಿ ನೀರು ಮಣ್ಣಿನಿಂದಲೇ ಬರುತ್ತಿದ್ದಿತು. ನೆಲದಡಿಯ ನೀರಿನ ತೊಟ್ಟಿ ಸೋರುತ್ತಿರಬಹುದೆಂದು ಶಂಕಿಸಿ, ರಾತ್ರಿ ನಲ್ಲಿಗಳನ್ನೂ ಪಂಪನ್ನೂ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಗ್ಗೆ ಮಟ್ಟ ಇಳಿದಿರಲಿಲ್ಲ. ಕಡೆಗೆ ಸಿಕ್ಕಿದ ಕಾರಣ ನಗುವಂತಹುದು. ತಾರಸಿಯ ಮಳೆನೀರಿನ ಕೊಳವೆ ಆ ಗೋಡೆಯ ಬುಡದಲ್ಲಿಯೇ ಸುರಿಯುತ್ತಿದ್ದಿತು. ಅಂಗಳವೂ ಗೋಡೆಯ ಕಡೆಗೇ ವಾಲಿದ್ದಿತು. ಕೊಳವೆಯನ್ನು ದೂರದ ಚರಂಡಿಗೆ ತಿರುಗಿಸಿ, ಅಂಗಳಕ್ಕೆ ಅಡಿಗೆ ಅರ್ಧ ಅಂಗುಲದಂತೆ ಹೊರಮುಖವಾದ ಇಳುಕಲು ಕೊಡಿಸಿದ ಮೇಲೆ ತೇವ ಬಹುಮಟ್ಟಿಗೆ ನಿಂತಿತು. ಹಲಗೆಗಳಿಗೆ ಸುರಿದ ಹಣದ ಮುಂದೆ ಈ ಖರ್ಚು ಏನೇನೂ ಅಲ್ಲ. ಇಷ್ಟರಿಂದಲೂ ನಿಲ್ಲದಿದ್ದರೆ ಹೊರಗಡೆ ಮಣ್ಣು ತೆಗೆಸಿ ಗೋಡೆಗೆ ನೀರುತಡೆಯ ಲೇಪ ಕೊಡಿಸಬೇಕಾಗುವುದು. ಆದರೆ ಪಾಯದ ಬಳಿ ಅಗೆಯುವುದಾಗಲಿ, ಎತ್ತರ ಸಾಲದೆಂದು ಕೋಣೆಯ ನೆಲವನ್ನು ತಗ್ಗಿಸುವುದಾಗಲಿ ಎಂಜಿನಿಯರರ ಸಲಹೆಯಿಲ್ಲದೆ ಕೂಡದು. ಪಾಯ ಸಡಿಲಿದರೆ ಮನೆಯೇ ಕುಸಿದೀತು.

ನೀರು ನಿಂತ ಮೇಲೆ ಗಾಳಿಯ ಮಾತು. ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಕೋಣೆ ಒಣಗುವುದೆಂದು ಎಲ್ಲರೂ ತಿಳಿಯುವರು. ಆದರೆ ಹೊರಗಿನ ಬೆಚ್ಚನೆಯ ತೇವದ ಗಾಳಿ ತಣ್ಣಗಿರುವ ಗೋಡೆಗೆ ತಗಲಿ ನೀರಾಗಬಹುದು. ಆದುದರಿಂದ ಬಿಸಿಲುಳ್ಳ ಒಣ ದಿನಗಳಲ್ಲಿ ತೆರೆಯಿರಿ, ಜಡಿಮಳೆಯಲ್ಲಿ ಮುಚ್ಚಿರಿ. ಬೀರುಗಳು ಗೋಡೆಯಿಂದ ನಾಲ್ಕಂಗುಲ ದೂರವಿರಲಿ. ನೆಲಕ್ಕೆ ಮರ ಬೇಡ. ಕಡಪ ಕಲ್ಲು ಅಥವಾ ಟೈಲು ಸಾಕು. ವಿದ್ಯುತ್ತಿನ ಪ್ಲಗ್ಗುಗಳನ್ನು ಎದೆಮಟ್ಟಕ್ಕೆ ಏರಿಸಿರಿ; ಮುಖ್ಯ ಫಲಕ ಮೇಲಂತಸ್ತಿನಲ್ಲಿರಲಿ; 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ.ಯನ್ನು ಹಾಕಿಸಿರಿ. ಜನರೇಟರನ್ನು ಎಂದಿಗೂ ಕೆಳಗಿಡಬಾರದು. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯಬಲ್ಲುದು. ಇವೆಲ್ಲ ಮುಗಿದ ಮೇಲೆ ಗಾರೆ, ಗಾರೆ ಚೆನ್ನಾಗಿ ಒಣಗಿದ ಮೇಲೆ ಬಣ್ಣ, ಕಟ್ಟಕಡೆಗೆ ಪೀಠೋಪಕರಣ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. 2022ನೆಯ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವ ಭಾಗದ ಹಲವು ಬಡಾವಣೆಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ನೆಲಮಾಳಿಗೆಗಳು ನೀರಿನಿಂದ ತುಂಬಿದವು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. 2024ನೆಯ ಜುಲೈ 27ರಂದು ದೆಹಲಿಯ ಹಳೆಯ ರಾಜೇಂದ್ರ ನಗರದಲ್ಲಿ ನೆಲಮಾಳಿಗೆಯ ವಾಚನಾಲಯವೊಂದಕ್ಕೆ ಮಳೆನೀರು ನುಗ್ಗಿ, ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಮೂರಡಿ ಅಗಲದ ಬಾಗಿಲಿನ ಹೊರಗೆ ಎರಡಡಿ ನೀರು ನಿಂತರೆ ಆ ಬಾಗಿಲಿನ ಮೇಲೆ ಸುಮಾರು 170 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುತ್ತದೆ. ಒಳಗಿರುವ ಮಗು ಅದನ್ನು ತಳ್ಳಲಾದೀತೇ?

ಆ ಸುದ್ದಿಯನ್ನು ಓದಿದ ಸಂಜೆ ನಾವು ನಮ್ಮ ಕೋಣೆಗೆ ಇಳಿದು ನೋಡಿದೆವು. ಕಿರಿಯ ಮಗ ದೀಪ ಹಚ್ಚಿಕೊಂಡು ಓದುತ್ತಿದ್ದನು. ಬಾಗಿಲು ಒಂದೇ, ಕಿಟಕಿಗೆ ಕಬ್ಬಿಣದ ಸರಳು. ಮರುದಿನವೇ ಅವನ ಮೇಜನ್ನು ಮೇಲಕ್ಕೆ ಸಾಗಿಸಿದೆವು. ಹಿತ್ತಲಿನ ಕಡೆ ನೆಲ ತಗ್ಗಾಗಿದ್ದುದರಿಂದ ಎಂಜಿನಿಯರರನ್ನು ಕೇಳಿ ಅಲ್ಲಿ ಎರಡನೆಯ ಬಾಗಿಲನ್ನಿಡಿಸಿದೆವು. ಅದಾದ ಮೇಲೆಯೇ ಮೇಜು ಕೆಳಗಿಳಿಯಿತು. ಇಂದಿಗೂ ರಾತ್ರಿ ಅಲ್ಲಿ ಯಾರನ್ನೂ ಮಲಗಗೊಡುವುದಿಲ್ಲ. ನೆಲಮಾಳಿಗೆಯನ್ನು ಯಾವುದಕ್ಕೆ ಬಳಸಬಹುದೆಂಬುದಕ್ಕೆ ನಗರದ ಕಟ್ಟಡ ನಿಯಮಗಳೂ ಉಂಟು. ಕೆಲಸಕ್ಕೆ ಮುಂಚೆಯೇ ಅವನ್ನು ವಿಚಾರಿಸಿಕೊಳ್ಳತಕ್ಕದ್ದು.

ಆದುದರಿಂದ ನೆಲಮಾಳಿಗೆಗೆ ಹಣ ತೆಗೆದಿಟ್ಟಿರುವ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಬಣ್ಣದ ಪಟ್ಟಿಯನ್ನು ತರಿಸುವ ಮುನ್ನ ಒಂದು ಜಡಿಮಳೆಯ ದಿನ ಕೊಡೆ ಹಿಡಿದು ಮನೆಯ ಸುತ್ತ ಒಮ್ಮೆ ನಡೆದು ಬನ್ನಿರಿ. ನೀರು ಎಲ್ಲಿಂದ ಬರುತ್ತದೆ, ನೀರು ಬಂದರೆ ಮನೆಯವರು ಎಲ್ಲಿಂದ ಹೊರಬರುವರು, ಇವೆರಡನ್ನೂ ನೋಡಿಕೊಳ್ಳಿರಿ. ಮಿಕ್ಕ ಕೆಲಸಕ್ಕೆ ಅವಸರವಿಲ್ಲ.